ಕಿವಿ ಕಲ್ತ ಮಿಸ್ಸು, ಕಣ್ಣಿನ ಪಾಠ

ನಮ್ಮ ಹುದ್ದೆ ಹೆಸರು ಬಿಐಇಆರ್‌ಟಿ, ಅಂದ್ರೆ ತಾಲೂಕಲ್ಲಿ ಊರೂರು ಸುತ್ತಿ ವಿಶೇಷ ಅಗತ್ಯ ಇರೋ ಮಕ್ಕಳಿಗೆ ಪಾಠ ಮಾಡೋ ಟೀಚರ್. ಊರವರ ಬಾಯಿಗೆ ಅದು ಬರಲ್ಲ, 'ಬುಧವಾರದ ಮಿಸ್ಸು' ಅಂತಾರೆ, ಆ ಊರಿಗೆ ನಾನು ಹೋಗೋದು ಬುಧವಾರ ಮಾತ್ರ ಅಲ್ವಾ.

ವಿಶೇಷ ಅಗತ್ಯ ಇರೋ ಮಕ್ಕಳಿಗೆ ಟೀಚರ್ ಸಾಲ್ತಿಲ್ಲ ಅನ್ನೋದು ಎಲ್ರೂ ಹೇಳೋ ಮಾತೇ. ಆದ್ರೆ ಎಂಥಾ ಟೀಚರ್ ಇಲ್ಲ ಅಂತ ಯಾರೂ ಕೇಳಲ್ಲ. ನಾನು ಮಾಡಿರೋ ಸ್ಪೆಷಲ್ ಬಿಎಡ್ಡು ಶ್ರವಣದೋಷದ್ದು. ಈ ಕೋರ್ಸುಗಳಿಗೆ ಮಾನ್ಯತೆ ಕೊಡೋ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿರೋದೇ ಹಾಗೆ, ಕಿವಿಗೆ ಬೇರೆ, ಕಣ್ಣಿಗೆ ಬೇರೆ, ಬೌದ್ಧಿಕ ತೊಂದರೆಗೆ ಬೇರೆ. 1995ರ ಕಾಯ್ದೆಲಿ 7 ಥರದ ಅಂಗವಿಕಲತೆ ಇತ್ತು, 2016ರ ಕಾಯ್ದೆಲಿ 21 ಆಯ್ತು, ಆಟಿಸಂ, ಡಿಸ್ಲೆಕ್ಸಿಯಾ ಥರದ ಕಲಿಕಾ ತೊಂದರೆ ಎಲ್ಲಾ ಸೇರ್ತು, ತುಂಬಾ ಒಳ್ಳೇದೇ ಆಯ್ತು, ಆದ್ರೆ ಪಟ್ಟಿ ಮೂರು ಪಟ್ಟು ಬೆಳೀತು, ಊರೂರು ಸುತ್ತೋಳು ಮಾತ್ರ ನಾನೊಬ್ಳೇ.

ಕಣ್ಣು ಕಾಣದ ಒಬ್ಬ ಹುಡುಗ ಇದಾನೆ, ನಾಲ್ಕನೇ ಕ್ಲಾಸು. ನನಗೆ ಬ್ರೈಲ್ ಗೊತ್ತು ಅಂತ ರೆಕಾರ್ಡಲ್ಲಿದೆ. ನಿಜ ಹೇಳ್ಬೇಕಂದ್ರೆ ನಾನು ಚುಕ್ಕೆಗಳನ್ನ ಕಣ್ಣಲ್ಲಿ ನೋಡಿ ಓದೋಳು, ಅವನು ಓದ್ಬೇಕಾಗಿರೋದು ಬೆರಳಲ್ಲಿ, ಬೆರಳಿಗೆ ಪಾಠ ಮಾಡೋದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ.

ಎಷ್ಟು ಮಕ್ಕಳಿಗೊಬ್ಬರು ವಿಶೇಷ ಟೀಚರ್ ಇರ್ಬೇಕು ಅಂತ ಗೊತ್ತು ಮಾಡಿ ಅಂತ ಸುಪ್ರೀಂ ಕೋರ್ಟು 2021ರಲ್ಲೇ ಕೇಂದ್ರಕ್ಕೆ ಹೇಳ್ತು, 2022ರಲ್ಲಿ ಕೇಂದ್ರ ಪ್ರೈಮರಿಲಿ 10 ಮಕ್ಕಳಿಗೊಬ್ಬರು, ಮೇಲಿನ ಕ್ಲಾಸಲ್ಲಿ 15 ಮಕ್ಕಳಿಗೊಬ್ಬರು ಅಂತ ಗೊತ್ತು ಮಾಡ್ತು. 2025ರಲ್ಲಿ ಕೋರ್ಟು ಮತ್ತೆ, ಹುದ್ದೆ ಮಂಜೂರು ಮಾಡಿ ಕಾಯಂ ನೇಮಕ ಮಾಡಿ ಅಂತ ರಾಜ್ಯಗಳಿಗೆ ಹೇಳ್ಬೇಕಾಗಿ ಬಂತು. ಅಷ್ಟೂ ಹುದ್ದೆ ತುಂಬಿದ್ರೆ ಹಬ್ಬ ಮಾಡ್ತೀವಿ ಬಿಡಿ. ಆದ್ರೆ ಆ ಹತ್ತು ಮಕ್ಕಳು ಹತ್ತು ಊರಲ್ಲಿದ್ರೆ? ಶಾಲೆಗೆ ಬರೋಕಾಗದ ಮಕ್ಕಳ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡ್ತೀವಲ್ಲ, ಅಲ್ಲಿ ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗೋದ್ರಲ್ಲಿ ಒಂದು ಬಸ್ಸು ತಪ್ಪಿದ್ರೆ ಮಧ್ಯಾಹ್ನವೇ ಹೋಯ್ತು. ಸೆರೆಬ್ರಲ್ ಪಾಲ್ಸಿ ಇರೋ ಮಗುವಿನ ಬಿಗಿದ ಕಾಲನ್ನ ದಿನಾ ಸಡಿಲ ಮಾಡ್ಬೇಕು, ವಾರಕ್ಕೊಂದ್ಸಲ ನಾನು ಹೋಗಿ ಏನಾಗುತ್ತೆ? ಮಾಡೋದೆಲ್ಲಾ ಅವರಮ್ಮನೇ, ನಾನು ತೋರಿಸಿ ಬರ್ತೀನಿ ಅಷ್ಟೆ, ಅದೂ ಫಿಸಿಯೋ ಅವ್ರು ನನಗೆ ತೋರಿಸಿಕೊಟ್ಟಿದ್ದು.

ಸಾಧನ ಸಲಕರಣೆದು ಇನ್ನೊಂದು ಕತೆ. ಕ್ಯಾಂಪಲ್ಲಿ ಅಳತೆ ತಗೊಂಡು ಹೋಗ್ತಾರೆ, ಕುರ್ಚಿ ಬರೋ ಹೊತ್ತಿಗೆ ಮಗು ಬೆಳೆದಿರುತ್ತೆ. ನಮ್ಮಲ್ಲಿ ಒಂದು ಕುರ್ಚಿ ಹಾಗೇ ಬಂದು, ಈಗ ಅದ್ರ ಮೇಲೆ ಅಕ್ಕಿ ಮೂಟೆ ಕೂತಿದೆ. ಹಿಯರಿಂಗ್ ಏಡೂ ಅಷ್ಟೇ, ಮಿಷಿನ್ ಫ್ರೀ, ಸರಿ, ಆದ್ರೆ ಮಗುವಿನ ಕಿವಿ ಬೆಳೀತಾ ಇರುತ್ತೆ, ಕಿವಿಯೊಳಗೆ ಕೂರೋ ಮೋಲ್ಡ್ ಆಗಾಗ ಹೊಸದು ಮಾಡಿಸ್ಬೇಕು, ಇಲ್ದಿದ್ರೆ ಸಡಿಲ ಆಗಿ ಕುಯ್ಯ್ ಅಂತ ಕೂಗುತ್ತೆ, ಮಗು ತೆಗೆದು ಬ್ಯಾಗಿಗೆ ಹಾಕುತ್ತೆ. ಬ್ಯಾಟರಿ ತಾಲೂಕಲ್ಲಿ ಸಿಗಲ್ಲ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಲಿ ಒಂದು ಮಗುವಿಗೆ ವರ್ಷಕ್ಕೆ 3500 ರೂಪಾಯಿ ಅಂತ ಲೆಕ್ಕ, ಅದ್ರಲ್ಲೇ ಎಲ್ಲಾ.

ಕ್ಲಾಸ್ ಟೀಚರ್‌ಗೆ ಹೇಳಿ ಮಾಡಿಸ್ಬಹುದಲ್ಲ ಅಂತೀರಾ? ನಲಿಕಲಿ ರೂಮಲ್ಲಿ ಮೂರು ತರಗತಿ ಒಟ್ಟಿಗೆ ಇಟ್ಕೊಂಡಿರೋ ಮೇಡಂಗೆ ನಾನು ಇನ್ನೇನು ಹೇಳ್ಲಿ, ನನಗೇ ನಾಚಿಕೆ ಆಗುತ್ತೆ.

ಪಕ್ಕದ ತಾಲೂಕಲ್ಲಿ ಒಬ್ರು ಇದಾರೆ, ಅವರ ಬಿಎಡ್ಡು ದೃಷ್ಟಿದೋಷದ್ದು, ಅವ್ರ ಪಟ್ಟಿಲಿ ಕಿವಿ ಕೇಳದ ಮಕ್ಕಳು. ಇಬ್ರೂ ಮಾತಾಡ್ಕೊಂಡು ತಿಂಗಳಿಗೊಂದು ಶನಿವಾರ ಅದಲುಬದಲು ಮಾಡ್ಕೊಂಡಿದೀವಿ, ಆರ್ಡರ್ ಇಲ್ಲ, ಟಿಎ ಇಲ್ಲ, ಯಾವ ರಿಪೋರ್ಟಲ್ಲೂ ಬರಲ್ಲ. ಮೊದಲ್ನೇ ದಿನ ಅವ್ರು ಬ್ರೈಲ್ ಹಾಳೆನೇ ತೆಗೀಲಿಲ್ಲ, ಒಂದು ತಟ್ಟೇಲಿ ರಾಗಿ, ಹೆಸರುಕಾಳು, ತೊಗರಿಬೇಳೆ ಬೆರೆಸಿ ಹುಡುಗನ ಮುಂದಿಟ್ಟು, ಬೇರೆ ಮಾಡಪ್ಪಾ ಅಂದ್ರು. ನಾನು ಎರಡು ವರ್ಷದಿಂದ ಅವನ ಕೈಗೆ ನೇರ ಅಕ್ಷರ ಕೊಡ್ತಾ ಇದ್ದೆ.