ಎಂಟು ತಂಡ, ಎಂಟು ಪಂದ್ಯ: 1939ರ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿಪ್ಪಣಿ

ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಹೆಸರಿನ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ನಡೆದದ್ದು 1939ರ ಮಾರ್ಚ್‌ನಲ್ಲಿ. ಆ ವರ್ಷ ಅದನ್ನು ಹೊತ್ತು ನಡೆಸಿದ್ದು ತರಬೇತುದಾರರ ರಾಷ್ಟ್ರೀಯ ಸಂಘ. ಅದರಲ್ಲೂ ಓಹಾಯೊ ಸ್ಟೇಟ್ ತಂಡದ ಕೋಚ್ ಹೆರಾಲ್ಡ್ ಓಲ್ಸನ್ ಅವರ ಶ್ರಮ ದೊಡ್ಡದು. ಸುಮಾರು 2,500 ಡಾಲರ್ ನಷ್ಟವಾದ್ದರಿಂದ ಮರುವರ್ಷ ಎನ್‌ಸಿಎಎ ತಾನೇ ಹೊಣೆ ವಹಿಸಿಕೊಂಡಿತು.

ಪಂದ್ಯಗಳ ಲೆಕ್ಕ

ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿದದ್ದು ಇದೇ ಭಾಗ. ದೈಹಿಕ ಶಿಕ್ಷಣದ ತರಗತಿಯಲ್ಲಿ ನಾಕೌಟ್ (ಸೋತ ತಂಡ ಹೊರಹೋಗುವ) ಪದ್ಧತಿಯ ಪಂದ್ಯಗಳ ಸಂಖ್ಯೆಗೆ ‘ತಂಡಗಳ ಸಂಖ್ಯೆಯಲ್ಲಿ ಒಂದನ್ನು ಕಳೆಯಿರಿ’ ಎಂಬ ಸೂತ್ರವನ್ನು ಕಲಿಯುತ್ತೇವೆ. ಇಲ್ಲಿ ಎಂಟು ತಂಡಗಳಿದ್ದವು, ಹಾಗಾದರೆ ಏಳು ಪಂದ್ಯಗಳಾಗಬೇಕು. ಆದರೆ ದಾಖಲೆಯಲ್ಲಿರುವುದು ಎಂಟು. ಸೂತ್ರವನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಕಾರಣ ಗೊತ್ತಿರಲಿಲ್ಲ, ಆದ್ದರಿಂದ ಹೆಚ್ಚುವರಿ ಪಂದ್ಯ ಎಲ್ಲಿಂದ ಬಂತೆಂಬುದೂ ಹೊಳೆಯಲಿಲ್ಲ.

ಕಾರಣ ಇಷ್ಟೇ: ನಾಕೌಟ್‌ನಲ್ಲಿ ಪ್ರತಿ ಪಂದ್ಯವೂ ಸರಿಯಾಗಿ ಒಂದು ತಂಡವನ್ನು ಮನೆಗೆ ಕಳುಹಿಸುತ್ತದೆ, ಕೊನೆಗೆ ಉಳಿಯುವುದು ಒಂದೇ ತಂಡ. ಏಳು ತಂಡಗಳು ಹೊರಹೋಗಬೇಕಾದರೆ ಏಳು ಪಂದ್ಯಗಳು ಬೇಕು. ಪಂದ್ಯಗಳನ್ನು ಎಣಿಸುವ ಬದಲು ಸೋತವರನ್ನು ಎಣಿಸಿ ಎಂಬುದು ನಾನು ಕಂಡುಕೊಂಡ ಸುಲಭ ದಾರಿ.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಫಿಕ್ಸ್ಚರ್ (ಯಾರ ವಿರುದ್ಧ ಯಾರು ಎಂಬ ಪಟ್ಟಿ) ಬರೆದು ನೋಡಿದೆ. ಫಿಲಡೆಲ್ಫಿಯಾದಲ್ಲಿ ನಡೆದ ಪೂರ್ವ ವಿಭಾಗದಲ್ಲಿ ವಿಲನೋವಾ ತಂಡವು ಬ್ರೌನ್ ತಂಡವನ್ನು, ಓಹಾಯೊ ಸ್ಟೇಟ್ ತಂಡವು ವೇಕ್ ಫಾರೆಸ್ಟ್ ತಂಡವನ್ನು ಸೋಲಿಸಿತು. ಆಮೇಲೆ ಓಹಾಯೊ ಸ್ಟೇಟ್ 53–36ರಿಂದ ವಿಲನೋವಾವನ್ನು ಮಣಿಸಿತು. ಸ್ಯಾನ್‌ಫ್ರಾನ್ಸಿಸ್ಕೊದ ಪಶ್ಚಿಮ ವಿಭಾಗದಲ್ಲಿ ಓರೆಗಾನ್ ತಂಡವು ಟೆಕ್ಸಸ್ ವಿರುದ್ಧ, ಓಕ್ಲಹೋಮಾ ತಂಡವು ಯೂಟಾ ಸ್ಟೇಟ್ ವಿರುದ್ಧ ಗೆದ್ದವು; ಬಳಿಕ ಓರೆಗಾನ್ 55–37ರಿಂದ ಓಕ್ಲಹೋಮಾವನ್ನು ಹಿಂದಿಕ್ಕಿತು. ಪೂರ್ವದಲ್ಲಿ ಮೂರು, ಪಶ್ಚಿಮದಲ್ಲಿ ಮೂರು, ಫೈನಲ್ ಒಂದು: ಏಳಾಯಿತು. ಎಂಟನೆಯದು ಪಶ್ಚಿಮದಲ್ಲಿ ಮಾತ್ರ ಆಡಿಸಿದ ಮೂರನೇ ಸ್ಥಾನದ ಪಂದ್ಯ. ಅದರಲ್ಲಿ ಯೂಟಾ ಸ್ಟೇಟ್ 51–49ರಿಂದ ಟೆಕ್ಸಸ್ ಮೇಲೆ ಗೆದ್ದಿತು. ಎರಡೂ ಅದಾಗಲೇ ಸೋತ ತಂಡಗಳಾದ್ದರಿಂದ ಆ ಪಂದ್ಯ ಹೊಸದಾಗಿ ಯಾರನ್ನೂ ಹೊರಗಟ್ಟಲಿಲ್ಲ, ಅದಕ್ಕಾಗಿಯೇ ಸೂತ್ರದ ಲೆಕ್ಕಕ್ಕೆ ಸಿಗಲಿಲ್ಲ.

‘13 ತಂಡಗಳ ನಾಕೌಟ್‌ನಲ್ಲಿ ಎಷ್ಟು ಪಂದ್ಯ?’ ಎಂಬಂಥ ಪರೀಕ್ಷೆಯ ಪ್ರಶ್ನೆಗೂ ಇದೇ ವಿಚಾರ ಒಪ್ಪುತ್ತದೆ. ಮೂರು ತಂಡಗಳಿಗೆ ಬೈ (ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಟ್ಟರೂ ಹೊರಹೋಗಬೇಕಾದವರು 12 ತಂಡಗಳೇ, ಹಾಗಾಗಿ 12 ಪಂದ್ಯ. ಮೂರನೇ ಸ್ಥಾನದ ಪಂದ್ಯವನ್ನೂ ಆಡಿಸಿದರೆ 13. ಬೈ ಪಡೆದವರನ್ನು ಪ್ರತ್ಯೇಕವಾಗಿ ಕಳೆಯಬೇಕೆಂದು ಭಾವಿಸಿ ಅಂಕ ಕಳೆದುಕೊಳ್ಳಬೇಡಿ.

ಯಾವುದು ‘ಮೊದಲನೆಯದು’?

1938ರಲ್ಲೇ ನ್ಯೂಯಾರ್ಕ್‌ನಲ್ಲಿ ಎನ್‌ಐಟಿ ಎಂಬ ಆಹ್ವಾನಿತ ಟೂರ್ನಿ ನಡೆದು ಟೆಂಪಲ್ ತಂಡ ಗೆದ್ದಿತ್ತು. ಆದ್ದರಿಂದ 1939ರದನ್ನು ‘ಮೊದಲ ಎನ್‌ಸಿಎಎ ಟೂರ್ನಿ’ ಎನ್ನಬೇಕೇ ಹೊರತು ‘ಮೊದಲ ಕಾಲೇಜು ಟೂರ್ನಿ’ ಎನ್ನಬಾರದು. 1939ರ ಎನ್‌ಐಟಿಯನ್ನು ಸೋಲರಿಯದ ಲಾಂಗ್ ಐಲೆಂಡ್ ವಿಶ್ವವಿದ್ಯಾಲಯ ಗೆದ್ದಿತು. ಒಂದೇ ವರ್ಷಕ್ಕೆ ಇಬ್ಬರು ವಿಜೇತರ ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ.

ಫೈನಲ್

ಮಾರ್ಚ್ 27ರಂದು ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ, ಕೋಚ್ ಹೊವಾರ್ಡ್ ಹಾಬ್ಸನ್ ಅವರ ಓರೆಗಾನ್ ತಂಡ 46–33ರಿಂದ ಓಹಾಯೊ ಸ್ಟೇಟ್ ತಂಡವನ್ನು ಸೋಲಿಸಿತು. ಆಟಗಾರರ ಎತ್ತರದಿಂದಾಗಿ ಓರೆಗಾನ್ ತಂಡಕ್ಕೆ ‘ಎತ್ತರದ ಫರ್ ಮರಗಳು’ ಎಂಬ ಹೆಸರಿತ್ತು. ಶ್ರೇಷ್ಠ ಆಟಗಾರನ ಗೌರವ ಮಾತ್ರ ಸೋತ ತಂಡದ ಜಿಮ್ಮಿ ಹಲ್ ಅವರದಾಯಿತು. ಆಟದ ನಡುವೆ ಚೆಂಡಿಗಾಗಿ ನೆಗೆದ ಓರೆಗಾನ್ ನಾಯಕ ಬಾಬಿ ಅನೆಟ್ ಅಂಕಣದಂಚಿನ ಮೇಜಿಗೆ ಅಪ್ಪಳಿಸಿದರು; ಅದರ ಮೇಲಿದ್ದ ಟ್ರೋಫಿಯ ಆಟಗಾರನ ಗೊಂಬೆ ಮುರಿಯಿತು. ಪಂದ್ಯ ಮುಗಿದಾಗ ಅನೆಟ್ ಅವರ ಕೈಗೆ ಬಂದದ್ದು ಎರಡು ತುಂಡಾದ ಟ್ರೋಫಿ.