ಬೀಟಲ್‌ನ ಕ್ಲಚ್ ಪೆಡಲಿಗೆ ಒಂದು ಬೆರಳು ಆಟ ಬಿಡಿ

ಹೋದ ವಾರ ಗ್ಯಾರೇಜಿಗೆ ಮತ್ತೊಂದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಬಂತು. ದೂರು ಅದೇ. "ಸಾರ್, ಎಂಜಿನ್ ಕೂಗುತ್ತೆ, ಗಾಡಿ ಏರು ಹತ್ತಲ್ಲ." ಮಂಡಿಯೂರಿ ಕೂತು ಕ್ಲಚ್ ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದೆ. ಕ್ಲಚ್ ಕೆಲಸ ಶುರುವಾಗುವ ಮೊದಲು ಪೆಡಲ್ ಸ್ವಲ್ಪ ಸಲೀಸಾಗಿ ಇಳಿಯಬೇಕಲ್ಲ, ಆ ಆಟ ಒಂದು ಚೂರೂ ಇಲ್ಲ. ಯಾರು ಟೈಟ್ ಮಾಡಿದ್ದು ಅಂತ ಕೇಳಿದೆ. "ನಾನೇ ಸಾರ್. ಪೆಡಲ್ ಲೂಸ್ ಆಗಿತ್ತಲ್ವಾ!"

ಲೂಸ್ ಆಗಿರಲಿಲ್ಲ. ಎಷ್ಟು ಇರಬೇಕೋ ಅಷ್ಟೇ ಇತ್ತು. ಈ ಮಾತನ್ನು ಎಷ್ಟು ವರ್ಷದಿಂದ, ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಇವತ್ತು ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ.

ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಪೆಡಲ್ ಮುಂದೆ. ನಡುವೆ ಎರಡು ಮೀಟರಿಗೂ ಜಾಸ್ತಿ ಉದ್ದದ ಕೇಬಲ್. ಪೆಡಲ್ ತುಳಿದರೆ ಕೇಬಲ್ ಗೇರ್‌ಬಾಕ್ಸಿನ ಎಡಗಡೆಯ ಲಿವರನ್ನು ಎಳೆಯುತ್ತದೆ. ಒಳಗೆ ಎಂಜಿನ್ ಜೊತೆ ತಿರುಗುವ ಫ್ಲೈವೀಲಿಗೆ ಕ್ಲಚ್ ಡಿಸ್ಕನ್ನು ಒತ್ತಿ ಹಿಡಿದಿರುವುದು ಪ್ರೆಶರ್ ಪ್ಲೇಟ್. ಲಿವರ್ ಎಳೆದಾಗ ರಿಲೀಸ್ ಬೇರಿಂಗ್ ಸರಿದು ಆ ಪ್ಲೇಟನ್ನು ಒತ್ತುತ್ತದೆ, ಡಿಸ್ಕಿನ ಹಿಡಿತ ಬಿಡುತ್ತದೆ. ಕಾಲು ತೆಗೆದ ಮೇಲೆ ಬೇರಿಂಗ್ ಯಾವುದನ್ನೂ ಮುಟ್ಟದೆ ದೂರ ನಿಲ್ಲಬೇಕು. ಆ ದೂರ ಪೆಡಲಿನಲ್ಲಿ 10ರಿಂದ 20 ಮಿ.ಮೀ. ಆಟವಾಗಿ ಕಾಣುತ್ತದೆ. ಹತ್ತಿರ ಹತ್ತಿರ ಒಂದು ಬೆರಳಿನ ಅಗಲ.

ಎಲ್ಲರೂ ಎಡವುವುದು ಇದರ ಮುಂದೆ. ಸವೆದರೆ ಲೂಸ್ ಆಗಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕ್ಲಚ್ ಡಿಸ್ಕಿನ ವಿಷಯದಲ್ಲಿ ಇದು ಉಲ್ಟಾ. ಡಿಸ್ಕ್ ಸವೆದು ತೆಳ್ಳಗಾದ ಹಾಗೆ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆ ಸರಿಯುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏರುತ್ತದಲ್ಲ, ಹಾಗೆ ಬೇರಿಂಗ್ ಒತ್ತುವ ಅದರ ಲೋಹದ ಬೆರಳುಗಳು ಬೇರಿಂಗ್ ಕಡೆ ಬರುತ್ತವೆ. ಹಾಗಾಗಿ ಡಿಸ್ಕ್ ಸವೆದಂತೆಲ್ಲ ಆಟ ಕಮ್ಮಿಯಾಗುತ್ತದೆ. ನೀವು ಇವತ್ತೇ ಆಟ ಇಲ್ಲದ ಹಾಗೆ ಬಿಗಿದರೆ, ಸ್ವಲ್ಪ ದಿನದಲ್ಲಿ ಬೇರಿಂಗ್ ಹಗಲೂ ರಾತ್ರಿ ಪ್ಲೇಟನ್ನು ಒತ್ತಿಕೊಂಡೇ ಇರುತ್ತದೆ. ನೀವು ಕಾಲಿಡದಿದ್ದರೂ ಯಾರೋ ಅರ್ಧ ಕ್ಲಚ್ ತುಳಿದ ಹಾಗೆ. ಡಿಸ್ಕ್ ಜಾರುತ್ತದೆ, ಎಂಜಿನ್ ಕೂಗಿದರೂ ಗಾಡಿ ಏರು ಹತ್ತುವುದಿಲ್ಲ.

ಆಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅದು ಬೇರೆ ಮಾತು. ಆಗಲೂ ಸುಮ್ನೆ ಕೇಬಲಿನ ತುದಿಯಲ್ಲಿ ಆಟ ಹೊಂದಿಸುವ ವಿಂಗ್ ನಟ್ (ರೆಕ್ಕೆಯ ನಟ್) ತಿರುಗಿಸಬೇಡಿ. ಕೇಬಲ್ ಎಳೆ ಬಿಡುತ್ತಿರಬಹುದು, ಪೆಡಲಿನ ಕೊಕ್ಕೆ ಸವೆದಿರಬಹುದು, ಲಿವರಿನ ಜೊತೆ ತಿರುಗಿ ಬೇರಿಂಗನ್ನು ಸರಿಸುವ ಕ್ರಾಸ್ ಶಾಫ್ಟಿನ ಬುಶ್ ಹೋಗಿರಬಹುದು.

ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರೊಬ್ಬರು ಅಪ್ಪನ ಕಾಲದ ಬೀಟಲನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು. ಎಂಟು ತಿಂಗಳಲ್ಲಿ ಮೂರು ಕೇಬಲ್ ಹಾಕಿಸಿದ್ದರು, ಮೂರೂ ಹಾಳಾದವು. ಅವರ ಮೊಮ್ಮಗನಿಗೆ ಪೆಡಲ್ ತುಳಿಯಲು ಹೇಳಿ, ಸೀಟುಗಳ ನಡುವಿನ ಟನೆಲ್ ಮೇಲೆ ಅಂಗೈ ಇಟ್ಟು ಕೂತೆ. ಪ್ರತಿ ಸಲ ಒಳಗಿಂದ 'ಟಿಕ್' ಅಂತ ಒಂದು ಸಣ್ಣ ಹೊಡೆತ ಅಂಗೈಗೆ ತಾಗಿತು. ಕೇಬಲ್ ಹಾದು ಹೋಗುವ ಕೊಳವೆಯ ಬೆಸುಗೆ ಬಿಟ್ಟಿತ್ತು. ಟನೆಲ್‌ಗೆ ಸಣ್ಣ ಕಿಂಡಿ ಕೊರೆದು ಮತ್ತೆ ಬೆಸೆದೆವು. ಇದನ್ನು ಓದಿ ಮನೆಯಲ್ಲೇ ಪ್ರಯತ್ನ ಮಾಡಬೇಡಿ. ಪೆಟ್ರೋಲ್ ಪೈಪೂ ಅದೇ ಟನೆಲ್ ಒಳಗೇ ಹೋಗುತ್ತದೆ. ನನ್ನ ಹುಡುಗರಿಗೂ ಟ್ಯಾಂಕ್ ಖಾಲಿ ಮಾಡದೆ ಅಲ್ಲಿ ಕೈ ಹಾಕಲು ಬಿಡುವುದಿಲ್ಲ.

ಗೇರ್‌ಬಾಕ್ಸ್ ಹತ್ತಿರ ಕೇಬಲ್ ಹಾದು ಹೋಗುವ ಬಾಗುವ ಕೊಳವೆಯನ್ನೂ, ಅಂದರೆ ಬೌಡನ್ ಟ್ಯೂಬನ್ನೂ ನೋಡಿ. ಅದು ಜೋಲುಬಿದ್ದಿದೆ ಅಂತ ನೆಟ್ಟಗೆ ಎಳೆದು ಕಟ್ಟಿದ್ದನ್ನು ನೋಡಿದ್ದೇನೆ. ಅದು 25ರಿಂದ 45 ಮಿ.ಮೀ. ಬಾಗಿರಲೇಬೇಕು. ನೆಟ್ಟಗಾದರೆ ಕ್ಲಚ್ ಬಿಡುವಾಗ ಗಾಡಿ ಗಡಗಡ ನಡುಗುತ್ತದೆ. ಜಾಸ್ತಿ ಬಾಗಿದರೆ ಕೇಬಲ್ ಒಳಗೇ ಉಜ್ಜಿ ಸವೆಯುತ್ತದೆ. ಬಾಗು ಸರಿಮಾಡಲು ಟ್ಯೂಬಿನ ತುದಿಗೆ ವಾಷರ್ ಹಾಕಿದರೆ ಸಾಕು. ವಿಂಗ್ ನಟ್ ತಿರುಗಿಸುವಾಗ ಕೇಬಲಿನ ತುದಿಯನ್ನು ಪ್ಲೈಯರ್‌ನಲ್ಲಿ ಹಿಡಿದುಕೊಳ್ಳಿ, ತಿರುಚಿಕೊಂಡ ಕೇಬಲ್ ಬೇಗ ಹರಿಯುತ್ತದೆ. ನಟ್ಟಿನ ಉಬ್ಬು ಲಿವರಿನ ಕುಳಿಯಲ್ಲಿ ಕೂತಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಕೇಬಲ್ ತೆಗೆಸಿ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಮಾಡಿಸೋಣವಾ ಅಂತ ತುಂಬಾ ಜನ ಕೇಳುತ್ತಾರೆ. ಮಾಮೂಲಿ ಎಂಜಿನ್ ಇದ್ದರೆ ನನ್ನ ಮಟ್ಟಿಗೆ ಬೇಡ. ಒಳ್ಳೆಯ ಕೇಬಲ್, ಹೊಸ ಬುಶ್, ಗ್ರೀಸ್ ಇದ್ದರೆ ಆ ಪೆಡಲ್ ಬೆಣ್ಣೆಯಂತಿರುತ್ತದೆ. ಎಂಜಿನ್ ಬಲ ಹೆಚ್ಚಿಸಿ ಗಟ್ಟಿ ಪ್ರೆಶರ್ ಪ್ಲೇಟ್ ಹಾಕಿಸಿದವರು ಮಾತ್ರ ಕ್ರಾಸ್ ಶಾಫ್ಟ್ ಬಗ್ಗೆ ಯೋಚಿಸಲಿ. ಹಳೆಯ ಗೇರ್‌ಬಾಕ್ಸಿನ 16 ಮಿ.ಮೀ. ಶಾಫ್ಟ್ ಆ ಭಾರಕ್ಕೆ ತಿರುಚಿಕೊಳ್ಳಬಹುದು. ಆಮೇಲೆ ಬಂದ 20 ಮಿ.ಮೀ. ಶಾಫ್ಟ್ ಗಟ್ಟಿ. ನಿಮ್ಮ ಗೇರ್‌ಬಾಕ್ಸ್ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಹೋದ ವಾರದ ಗಾಡಿಗೆ ಮೊದಲು ಆಟ ಬಿಟ್ಟು ನೋಡಿದೆವು. ಆದರೂ ಜಾರಿತು. ಎಂಜಿನ್ ಇಳಿಸಿದಾಗ ಡಿಸ್ಕ್ ಕರಕಲು, ಫ್ಲೈವೀಲ್ ಮೇಲೆ ನೀಲಿ ಕಲೆ. ಮಾಲೀಕರು ಪಕ್ಕದಲ್ಲಿ ನಿಂತು ಎಲ್ಲ ನೋಡಿದರು, ಪಾಪ. ಹೊಸ ಡಿಸ್ಕ್ ಕೂರಿಸಿದ ಮೇಲೆ ಅವರನ್ನೇ ಗಾಡಿ ಕೆಳಗೆ ಮಲಗಿಸಿ, ವಿಂಗ್ ನಟ್ ಅವರ ಕೈಯಲ್ಲೇ ತಿರುಗಿಸಿದೆ. ಸ್ಕೇಲ್ ಹಿಡಿದು ಅಳೆದಾಗ 15 ಮಿ.ಮೀ. ಬಂತು.