ಹದಿನೈದು ವರ್ಷ ಮಾಗಿಸಿದ ತಿನ್ಯಾನೆಲ್ಲೊ: ಹದಕ್ಕೆ ಬಂದಿದೆಯೋ, ಕೆಟ್ಟಿದೆಯೋ ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: 2010ರ ಫಸಲಿನ ಒಂದು ಬಾಟಲಿ ತಿನ್ಯಾನೆಲ್ಲೊ ಎಂಬ ಇಟಲಿಯ ಕೆಂಪು ವೈನ್ ನಮ್ಮಲ್ಲಿದೆ. ಕೊಂಡ ದಿನದಿಂದ ವೈನ್ ಫ್ರಿಜ್ಜಿನಲ್ಲೇ ಮಲಗಿಸಿ ಇಟ್ಟಿದ್ದೇವೆ. ಈಗ ತೆರೆಯುವ ಆಲೋಚನೆ. ಹಳೆಯ ಕೆಂಪು ವೈನ್ ತೆರೆದ ಕೂಡಲೇ ಏನೋ ವಿಚಿತ್ರ ವಾಸನೆ ಬರುತ್ತದೆ ಎನ್ನುತ್ತಾರೆ. ಅದು ಮಾಗಿದ ಲಕ್ಷಣವೋ ಕೆಟ್ಟ ಲಕ್ಷಣವೋ ಗುರುತಿಸುವುದು ಹೇಗೆ? ಎಷ್ಟು ಹೊತ್ತು ಮುಂಚೆ ತೆರೆದಿಡಬೇಕು?

ಉತ್ತರ: ಮೊದಲ ಗುಟುಕಿಗೇ ತೀರ್ಮಾನಕ್ಕೆ ಬರಬೇಡಿ. ಇಷ್ಟು ವರ್ಷ ಗಾಳಿಯಿಲ್ಲದೆ ಮುಚ್ಚಿಕೊಂಡಿದ್ದ ವೈನ್ ಮೊದಲ ಹತ್ತು ಹದಿನೈದು ನಿಮಿಷ ಮಂಕಾಗಿಯೇ ಇರುತ್ತದೆ. ಗಮನಿಸಬೇಕಾದದ್ದು ಆ ವಾಸನೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು. ಕಟ್ಟಿಕೊಂಡಿದ್ದ ವಾಸನೆಯಾದರೆ ಗಾಳಿ ಸೋಕಿದಂತೆ ಹೋಗುತ್ತದೆ, ಅದರ ಹಿಂದಿನಿಂದ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ನಿಜವಾದ ದೋಷವಾದರೆ ಗಾಳಿಗೆ ಹೋಗುವುದಿಲ್ಲ, ಹೊತ್ತು ಕಳೆದಂತೆ ಇನ್ನಷ್ಟು ಎದ್ದು ಕಾಣುತ್ತದೆ. ಹಾಗಾಗಿ ಬಾಟಲಿಯನ್ನು ಎರಡು ಗಂಟೆಯ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಸವಿಯುವಂತೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಬಾಟಲಿಯಲ್ಲಿರುವುದು ಏನು

ತಿನ್ಯಾನೆಲ್ಲೊ ಇಟಲಿಯ ತೋಸ್ಕಾನಾ ಪ್ರಾಂತದ ಕಿಯಾಂತಿ ಕ್ಲಾಸಿಕೊ ಸೀಮೆಯ ವೈನ್. ಫ್ಲಾರೆನ್ಸಿನ ಆಂಟಿನೋರಿ ಮನೆತನದ್ದು. ಸಾಮಾನ್ಯವಾಗಿ ಇದರಲ್ಲಿ ಸುಮಾರು ಶೇ. 80 ಸಾಂಜೊವೇಸೆ, ಶೇ. 15 ಕ್ಯಾಬರ್ನೆ ಸೋವಿನ್ಯಾಂ, ಶೇ. 5 ಕ್ಯಾಬರ್ನೆ ಫ್ರಾಂ ದ್ರಾಕ್ಷಿ ಇರುತ್ತದೆ. 1967ರ ನಿಯಮದ ಪ್ರಕಾರ ಕಿಯಾಂತಿ ಎಂಬ ಹೆಸರು ಬೇಕಿದ್ದರೆ ಕೆಂಪು ವೈನಿಗೆ ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಬೆರೆಸಲೇಬೇಕಿತ್ತು. ಬಿಳಿ ದ್ರಾಕ್ಷಿ ಸೇರಿದರೆ ವೈನ್ ತೆಳುವಾಗುತ್ತದೆ, ಹೆಚ್ಚು ಕಾಲ ಬಾಳುವುದಿಲ್ಲ. ಪಿಯೆರೊ ಆಂಟಿನೋರಿ ಮತ್ತು ಅವರ ವೈನ್ ತಜ್ಞ ಜ್ಯಾಕೊಮೊ ತಾಕಿಸ್ ಈ ಕಟ್ಟಳೆಯಿಂದ ಹೊರಬಂದರು. 1971ರ ಫಸಲಿನ ಬಾಟಲಿಯ ಮೇಲೆ ಕಿಯಾಂತಿ ಎಂಬ ಹೆಸರಿಲ್ಲ. ದರ್ಜೆಯಲ್ಲಿ ಕೆಳಗಿನದಾದ ‘ಮೇಜಿನ ವೈನ್’ ಎಂಬ ಪಟ್ಟಿಯಲ್ಲೇ ಅದು ಹೊರಬಂತು. 1975ರಿಂದ ಬಿಳಿ ದ್ರಾಕ್ಷಿ ಪೂರ್ತಿ ಹೋಯಿತು, 1982ರಿಂದ ಮಿಶ್ರಣದ ಪ್ರಮಾಣ ಹೆಚ್ಚುಕಡಿಮೆ ಇಂದಿನಂತೆಯೇ ಇದೆ. ಫಸಲು ಚೆನ್ನಾಗಿಲ್ಲದ ವರ್ಷ ಈ ವೈನನ್ನು ತಯಾರಿಸುವುದೇ ಇಲ್ಲ: 1984, 1992, 2002ರ ತಿನ್ಯಾನೆಲ್ಲೊ ಎಂಬುದೇ ಇಲ್ಲ. ಅಂಥ ಇಸವಿಯ ಬಾಟಲಿಯನ್ನು ಯಾರಾದರೂ ಮಾರಲು ಬಂದರೆ ಅದು ನಕಲಿ.

ಈ ಚರಿತ್ರೆ ನಿಮ್ಮ ಲೋಟಕ್ಕೂ ಸಂಬಂಧಿಸಿದ್ದೇ. ಸಾಂಜೊವೇಸೆಯಲ್ಲಿ ಹುಳಿ ಹೆಚ್ಚು, ಬಣ್ಣ ಕಡಿಮೆ. ಕ್ಯಾಬರ್ನೆಯಲ್ಲಿ ಬಣ್ಣವೂ ಒಗರೂ ಹೆಚ್ಚು. ಎರಡೂ ಒಂದೇ ವೇಗದಲ್ಲಿ ಮಾಗುವುದಿಲ್ಲ. ಸಾಂಜೊವೇಸೆ ಬೇಗ ಕಿತ್ತಳೆ ಬಣ್ಣಕ್ಕೆ ತಿರುಗಿ ಒಣಗಿದ ಚೆರ್ರಿ, ಚಹಾ ಎಲೆ, ಚರ್ಮ, ಒಣ ಸೊಪ್ಪಿನ ಪರಿಮಳ ಕೊಡತೊಡಗುತ್ತದೆ. ಕ್ಯಾಬರ್ನೆ ನಿಧಾನ; ಹೊಗೆಸೊಪ್ಪು, ದೇವದಾರು, ಪೆನ್ಸಿಲ್ ಚೂಪು ಮಾಡುವಾಗ ಬರುವ ವಾಸನೆ ಅದರದ್ದು. ಪ್ರಮಾಣದಲ್ಲಿ ಚಿಕ್ಕದಾದರೂ ಕ್ಯಾಬರ್ನೆ ಫ್ರಾಂ ಒಂದಿಷ್ಟು ಹಸಿ ಎಲೆಯ ಘಮ ಸೇರಿಸುತ್ತದೆ. ಒಂದೇ ಲೋಟದಲ್ಲಿ ಒಂದು ಭಾಗ ಮುದಿಯಾಗಿಯೂ ಇನ್ನೊಂದು ಎಳೆಯದಾಗಿಯೂ ಕಂಡರೆ ಗಾಬರಿಯಾಗಬೇಕಿಲ್ಲ. ಮಿಶ್ರಣದ ವೈನ್ ಮಾಗುವುದೇ ಹಾಗೆ, ಅದರ ಸೊಗಸೂ ಅಲ್ಲೇ ಇದೆ.

2010 ತೋಸ್ಕಾನಾದಲ್ಲಿ ತಂಪಾಗಿದ್ದ ವರ್ಷ. ದ್ರಾಕ್ಷಿ ನಿಧಾನವಾಗಿ ಹಣ್ಣಾಗಿ ಹುಳಿ ಚೆನ್ನಾಗಿ ಉಳಿದಿತ್ತು. ಯುರೋಪೆಲ್ಲ ಬಿಸಿಗಾಳಿಗೆ ಬೆಂದ 2003ರ ವೈನಿಗಿಂತ ಇದಕ್ಕೆ ಆಯಸ್ಸು ಹೆಚ್ಚು. ಸರಿಯಾಗಿ ಇಟ್ಟಿದ್ದರೆ ನಿಮ್ಮ ಬಾಟಲಿ ಈಗ ಮುದಿಯಾಗಿರುವ ಸಾಧ್ಯತೆ ಕಡಿಮೆ.

ಎರಡು ದಿನ ಮೊದಲು

ಮಲಗಿಸಿದ್ದ ಬಾಟಲಿಯನ್ನು 48 ಗಂಟೆ ಮುಂಚೆ ಮೆಲ್ಲಗೆ ನೆಟ್ಟಗೆ ನಿಲ್ಲಿಸಿ, ಮತ್ತೆ ಅಲುಗಾಡಿಸಬೇಡಿ. ವರ್ಷಗಳು ಕಳೆದಂತೆ ಒಗರಿನ ಅಂಶವೂ ಬಣ್ಣದ ಅಂಶವೂ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಗಸಿಯಾಗಿ ಇಳಿಯುತ್ತವೆ. ಅದು ವಿಷವಲ್ಲ, ಆದರೆ ಬಾಯಿಗೆ ಬಂದರೆ ಕಹಿ, ಮರಳು ಮರಳು. ವೈನಿನಲ್ಲಿ ಕದಡಿಕೊಂಡರೆ ಪರಿಮಳವನ್ನೂ ಮಂಕು ಮಾಡುತ್ತದೆ. ಕಲ್ಲುಸಕ್ಕರೆ ಚೂರಿನಂಥ ಹರಳು ಕಂಡರೆ ಅದು ದ್ರಾಕ್ಷಿಯದೇ ಆಮ್ಲದ ಲವಣ, ಗಾಜಿನ ಚೂರಲ್ಲ.

ನಿಲ್ಲಿಸಿದಾಗ ವೈನ್ ಎಲ್ಲಿಯವರೆಗೆ ಇದೆ ನೋಡಿ. ಹದಿನೈದು ವರ್ಷದ ಬಾಟಲಿಯಲ್ಲಿ ಅದು ಕತ್ತಿನೊಳಗೇ ಇರಬೇಕು, ಹೆಚ್ಚೆಂದರೆ ಕತ್ತಿನ ಬುಡಕ್ಕೆ ಇಳಿದಿರಬಹುದು. ಹೆಗಲಿನ ನಡುವಿಗೆ ಇಳಿದಿದ್ದರೆ ಕಾರ್ಕಿನ ಮೂಲಕ ಗಾಳಿ ಹೋಗಿದೆ ಎಂದೇ ಅರ್ಥ. ಬಾಟಲಿಯ ಬಾಯಿಗೆ ಸುತ್ತಿದ ಹಾಳೆಯನ್ನು ಪೂರ್ತಿ ಬಿಚ್ಚಿ. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ, ಅಂಚಿನಲ್ಲಿ ಅಂಟು ಅಂಟು ಕಲೆ ಇದ್ದರೆ ಆ ಬಾಟಲಿ ಎಲ್ಲೋ ಬಿಸಿಗೆ ಸಿಕ್ಕಿದೆ: ವೈನ್ ಹಿಗ್ಗಿ ಕಾರ್ಕನ್ನು ತಳ್ಳಿದೆ. ಕಾರ್ಕಿನ ತಲೆಯ ಮೇಲಿನ ಕಪ್ಪು ಬೂಸ್ಟು ಮಾತ್ರ ತೊಂದರೆಯಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಉಷ್ಣಾಂಶ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ‘ಕೆಂಪು ವೈನಿಗೆ ಕೋಣೆಯ ಉಷ್ಣಾಂಶ’ ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗಳಿಗೆ ಹೇಳಿದ್ದು. 27 ಡಿಗ್ರಿಯ ಬೆಂಗಳೂರಿನ ಹಜಾರಕ್ಕೆ ಹೊಂದುವುದಿಲ್ಲ. ಆ ಬಿಸಿಯಲ್ಲಿ ಮದ್ಯಸಾರದ ಘಾಟು ಮುಂದೆ ಬಂದು ಹಳೆಯ ವೈನಿನ ನವಿರು ಪರಿಮಳ ಮುಳುಗಿಹೋಗುತ್ತದೆ. ನಿಮ್ಮದು ವೈನ್ ಫ್ರಿಜ್ಜಿನಲ್ಲೇ 13–14 ಡಿಗ್ರಿಯಲ್ಲಿದ್ದರೆ ಅರ್ಧ ಗಂಟೆ ಹೊರಗಿಟ್ಟರೆ ಸಾಕು. ಹೊರಗೇ ಇದ್ದ ಬಾಟಲಿಯಾದರೆ ಅಡುಗೆಮನೆಯ ಫ್ರಿಜ್ಜಿನಲ್ಲಿ ನೆಟ್ಟಗೆ ಸುಮಾರು ಒಂದು ಗಂಟೆ ಬೇಕು.

ಆ ಸಂಜೆ ಆ ಕೋಣೆಯಲ್ಲಿ ಊದುಬತ್ತಿ ಬೇಡ, ಒಗ್ಗರಣೆಯ ಹೊಗೆ ಬೇಡ, ಮೈಗೆ ಅತ್ತರು ಬೇಡ. ಲೋಟಗಳನ್ನು ಬರೀ ಬಿಸಿನೀರಿನಲ್ಲಿ ತೊಳೆದು ಗಾಳಿಗೆ ಆರಿಸಿ. ಕಪಾಟಿನಲ್ಲಿ ಬೋರಲು ಹಾಕಿಟ್ಟ ಲೋಟಕ್ಕೆ ಹಲಗೆಯ ಮುಗ್ಗಲು ವಾಸನೆ ಹತ್ತುತ್ತದೆ, ಅದನ್ನೇ ವೈನಿನ ದೋಷವೆಂದು ತಿಳಿದು ಒಳ್ಳೆಯ ಬಾಟಲಿಯನ್ನು ಚೆಲ್ಲಿದವರಿದ್ದಾರೆ. ಸಂಶಯ ಬಂದರೆ ಮೊದಲು ಖಾಲಿ ಲೋಟವನ್ನು ಮೂಸಿ ನೋಡಿ.

ಕಾರ್ಕ್ ತೆಗೆಯುವುದು

ಹಳೆಯ ಕಾರ್ಕ್ ಒಳಭಾಗದಲ್ಲಿ ನೆನೆದು ಮೆತ್ತಗಾಗಿರುತ್ತದೆ. ಎರಡು ರೆಕ್ಕೆ ಎತ್ತುವ ಓಪನರ್ ಬಳಸಬೇಡಿ, ಅದರ ದಪ್ಪ ತಿರುಪು ಕಾರ್ಕಿನ ನಡುವನ್ನೇ ಕೊರೆದು ಪುಡಿ ಮಾಡುತ್ತದೆ. ಹೋಟೆಲಿನ ಮಾಣಿಗಳು ಬಳಸುವ ಮಡಚುವ ಓಪನರ್ ಸಾಕು, ಆದರೆ ತಿರುಪನ್ನು ಕೊನೆಯ ಸುತ್ತಿನವರೆಗೂ ಇಳಿಸಿ ಆಮೇಲೆ ಎಳೆಯಿರಿ. ಅರ್ಧಕ್ಕೆ ನಿಲ್ಲಿಸಿದರೆ ಕಾರ್ಕ್ ಮುರಿಯುವುದು ಅಲ್ಲೇ. ಇಪ್ಪತ್ತು ವರ್ಷ ದಾಟಿದ ಬಾಟಲಿಗೆ ಎರಡು ತೆಳು ಅಲಗಿನ ‘ಆ-ಸೋ’ ಓಪನರ್ ಮೇಲು. ಉದ್ದನೆಯ ಅಲಗನ್ನು ಮೊದಲು ಕಾರ್ಕಿಗೂ ಗಾಜಿಗೂ ನಡುವೆ ಇಳಿಸಿ, ಆಮೇಲೆ ಚಿಕ್ಕದನ್ನು, ಅತ್ತಿತ್ತ ತೂಗಾಡಿಸುತ್ತ ಪೂರ್ತಿ ಒಳಗೆ ಬಿಟ್ಟು, ತಿರುಗಿಸುತ್ತ ಎಳೆಯಬೇಕು. ನೇರವಾಗಿ ಒತ್ತಿದರೆ ಕಾರ್ಕ್ ಒಳಕ್ಕೆ ಬಿದ್ದೀತು. ಬಿದ್ದರೂ ವೈನ್ ಹಾಳಾಗಲಿಲ್ಲ. ನಾಜೂಕಾದ ಸ್ಟೀಲ್ ಚಹಾ ಜರಡಿಯಲ್ಲಿ ಸೋಸಿ.

ಗಾಳಿ ಎಷ್ಟು ಕೊಡಬೇಕು

ಕಾರ್ಕ್ ತೆಗೆದು ಬಾಟಲಿಯನ್ನು ಹಾಗೇ ಎರಡು ಗಂಟೆ ಇಟ್ಟರೆ ಪ್ರಯೋಜನ ಅತ್ಯಲ್ಪ. ಕತ್ತಿನೊಳಗೆ ಗಾಳಿ ಮುಟ್ಟುವ ಜಾಗ ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ತೆರೆದ ಕೂಡಲೇ 30 ಮಿ.ಲೀ. ಲೋಟಕ್ಕೆ ಬಗ್ಗಿಸಿ ಮೂಸಿ, ಕುಡಿದು ನೋಡಿ. ಪರಿಮಳ ಮುಚ್ಚಿಕೊಂಡಿದ್ದು ಒಗರು ಗಟ್ಟಿಯಾಗಿದ್ದರೆ ಡಿಕ್ಯಾಂಟರಿಗೆ (ಅಗಲ ಬುಡದ ಗಾಜಿನ ಹೂಜಿಗೆ) ಸುರಿದು 45 ನಿಮಿಷದಿಂದ ಒಂದು ಗಂಟೆ ಬಿಡಿ. 2010ರದ್ದು ಹೀಗಿರುವ ಸಂಭವವೇ ಹೆಚ್ಚು. ಪರಿಮಳ ಆಗಲೇ ತೆರೆದಿದ್ದರೆ ಗಸಿ ಬೇರ್ಪಡಿಸುವಷ್ಟಕ್ಕೆ ಸುರಿದು ತಕ್ಷಣ ಬಡಿಸಿ. ಮೂವತ್ತು ವರ್ಷ ದಾಟಿದ ಬಾಟಲಿಗೆ ಡಿಕ್ಯಾಂಟರ್ ಬೇಡವೇ ಬೇಡ. ಅದರ ಪರಿಮಳ ಅರ್ಧ ಗಂಟೆಯಲ್ಲಿ ಹಾರಿಹೋಗಬಹುದು, ಹಾರುವಾಗ ಅದು ನಿಮ್ಮ ಲೋಟದಲ್ಲಿರಬೇಕು.

ಸುರಿಯುವಾಗ ಬಾಟಲಿಯ ಹೆಗಲಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಸುರಿಯಬೇಕು. ಪ್ರತಿ ಸಲ ಬಾಟಲಿ ನೆಟ್ಟಗಾದಾಗಲೂ ಗಸಿ ಮತ್ತೆ ಕದಡುತ್ತದೆ. ಕಪ್ಪು ಎಳೆಯೊಂದು ಕತ್ತಿನ ಕಡೆಗೆ ಬರುವುದು ಕಂಡ ಕೂಡಲೇ ನಿಲ್ಲಿಸಿ. ತಳದಲ್ಲಿ 40–50 ಮಿ.ಲೀ. ಉಳಿದೀತು, ಆಸೆ ಬೇಡ. ಮಿಕ್ಕ ಸುಮಾರು 670 ಮಿ.ಲೀ.ನಲ್ಲಿ ನಾಲ್ವರಿಗೆ ತಲಾ ಸುಮಾರು 55 ಮಿ.ಲೀ.ನಂತೆ ಮೂರು ಸುತ್ತು ಬರುತ್ತದೆ: ಸುರಿದ ಕೂಡಲೇ ಒಂದು, ಒಂದು ಗಂಟೆಗೆ ಒಂದು, ಎರಡು ಗಂಟೆಗೆ ಒಂದು. ಬಿಸಿಲ ಊರಾದರೆ ಡಿಕ್ಯಾಂಟರಿನ ಬುಡವನ್ನು ನಾಲ್ಕು ಐಸ್ ತುಂಡು ಹಾಕಿದ ನೀರಿನ ಬೋಗುಣಿಯಲ್ಲಿ ಆಗಾಗ ಇಡಿ.

ನೋಡುವುದು, ಮೂಸುವುದು, ಗುರುತಿಸುವುದು

ಲೋಟವನ್ನು ಬಿಳಿ ಹಾಳೆಯ ಮೇಲೆ ವಾಲಿಸಿ. ಅಂಚು ಇಟ್ಟಿಗೆ ಬಣ್ಣ ಅಥವಾ ಕಿತ್ತಳೆ, ನಡುವೆ ಇನ್ನೂ ಮಾಣಿಕ್ಯದ ಕೆಂಪು: ಸರಿಯಾಗಿದೆ. ನಡುವೂ ಸೇರಿ ಎಲ್ಲವೂ ಮಂಕಾದ ಕಂದು ಆಗಿದ್ದರೆ ಗಾಳಿ ಹೊಡೆದಿದೆ. ಆಗ ಮೂಗಿಗೂ ಕೊಯ್ದಿಟ್ಟ ಸೇಬು ಕಂದಾದ ವಾಸನೆ, ಅಕ್ರೋಟಿನ ಕಮಟು ಸಿಗುತ್ತದೆ. ಗುಣವಾಗುವ ದೋಷವಲ್ಲ ಇದು.

ನೀವು ಕೇಳಿದ ವಿಚಿತ್ರ ವಾಸನೆ ಬಹುಪಾಲು ಇವೆರಡರಲ್ಲಿ ಒಂದು. ಗೀರಿದ ಬೆಂಕಿಕಡ್ಡಿ, ಬೇಯಿಸಿದ ಮೊಟ್ಟೆಯ ವಾಸನೆಯಾದರೆ ಅದು ಗಾಳಿಯಿಲ್ಲದೆ ಕಟ್ಟಿಕೊಂಡ ಗಂಧಕದ ಸಂಯುಕ್ತಗಳದ್ದು. ಲೋಟ ತಿರುಗಿಸುತ್ತಿದ್ದರೆ 15–20 ನಿಮಿಷದಲ್ಲಿ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಒದ್ದೆ ರಟ್ಟಿನ ಪೆಟ್ಟಿಗೆ, ಮಳೆಗಾಲದ ಮುಗ್ಗಲು ಗೋಣಿಯ ವಾಸನೆಯಾದರೆ ಕಾರ್ಕಿನಿಂದ ಬಂದ ಟಿಸಿಎ ಎಂಬ ರಾಸಾಯನಿಕದ ಕೆಲಸ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ದೇಹಕ್ಕೆ ಹಾನಿಯಿಲ್ಲ, ಆದರೆ ಹಣ್ಣಿನ ಪರಿಮಳವನ್ನೆಲ್ಲ ಅದು ಮುಚ್ಚಿಬಿಡುತ್ತದೆ. ಗೊಂದಲವಾದರೆ ಅರ್ಧ ಗಂಟೆ ಕಾಯಿರಿ. ಮೊದಲನೆಯದು ಕಡಿಮೆಯಾಗಿರುತ್ತದೆ, ಎರಡನೆಯದು ಹಾಗೇ ಇರುತ್ತದೆ ಅಥವಾ ಹೆಚ್ಚಿರುತ್ತದೆ. ಕಾರ್ಕನ್ನು ಮೂಸಿ ತೀರ್ಮಾನಿಸಬೇಡಿ, ಒಳ್ಳೆಯ ಕಾರ್ಕಿಗೂ ಕಾರ್ಕಿನ ವಾಸನೆ ಇದ್ದೇ ಇರುತ್ತದೆ.

ಬೇಯಿಸಿದ ಜಾಮಿನಂಥ ಚಪ್ಪಟೆ ಸಿಹಿ ವಾಸನೆ ಬಂದು, ಬಾಯಲ್ಲಿ ವೈನ್ ಸಪ್ಪೆಯಾಗಿದ್ದರೆ ಬಿಸಿಯ ಪೆಟ್ಟು. ನಮ್ಮ ದೇಶಕ್ಕೆ ಬರುವ ಬಾಟಲಿಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ, ಹಡಗು, ಗೋದಾಮು, ಲಾರಿ ಯಾವುದರಲ್ಲಿ ಬೇಕಾದರೂ ಆಗಿರಬಹುದು. ಕುದುರೆ ಲಾಯದ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಹಳೆಯ ಇಟಾಲಿಯನ್ ವೈನಿನಲ್ಲಿ ಎಳೆಯಷ್ಟು ಇದ್ದರೆ ಅದೊಂದು ಗುಣವೆಂದೇ ಬಗೆಯುವವರು ಬಹಳ. ಹಣ್ಣನ್ನು ಮುಚ್ಚುವಷ್ಟಾದರೆ ದೋಷ. ವಿನೆಗರ್ ಘಾಟಿಗೂ ಇದೇ ಅಳತೆ.

ಬಾಯಲ್ಲಿ ನೋಡಬೇಕಾದದ್ದು ಹುಳಿ, ಒಗರು, ಹಣ್ಣು ಈ ಮೂರರ ಸಮತೋಲ. ಕಾಲ ಒಗರನ್ನು ಮೆದುಗೊಳಿಸುತ್ತದೆ, ಹುಳಿಯನ್ನು ಹೆಚ್ಚು ಮುಟ್ಟುವುದಿಲ್ಲ. ಅದಕ್ಕೇ ಸಾಂಜೊವೇಸೆ ಹೆಚ್ಚಿರುವ ವೈನ್ ವಯಸ್ಸಾದರೂ ಚುರುಕಾಗಿ, ಜೊಲ್ಲೂರಿಸುವಂತೆ ಇರುತ್ತದೆ. ಒಗರು ನಾಲಿಗೆಯ ಮೇಲೆ ರೇಷ್ಮೆಯಷ್ಟು ನುಣುಪಾಗಿ ಹರಡಿ, ನುಂಗಿದ ಮೇಲೂ ಚೆರ್ರಿಯ ರುಚಿ ಉಳಿದರೆ ವೈನ್ ಹದಕ್ಕೆ ಬಂದಿದೆ. ಹಣ್ಣು ಪೂರ್ತಿ ಬತ್ತಿ ಬರೀ ಹುಳಿ ಮತ್ತು ಬಾಯಿ ಒಣಗಿಸುವ ಮರದ ಒಗರು ಉಳಿದಿದ್ದರೆ ಅದರ ಕಾಲ ಮುಗಿದಿದೆ. ಒಗರು ಇನ್ನೂ ವಸಡಿಗೆ ಕಚ್ಚುತ್ತಿದ್ದು ಹಣ್ಣೂ ದಟ್ಟವಾಗಿದ್ದರೆ, ಇದೇ ಫಸಲಿನ ಇನ್ನೊಂದು ಬಾಟಲಿ ಇದ್ದವರು ಅದನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳಬಹುದು: 12–14 ಡಿಗ್ರಿಯಲ್ಲಿ, ಕತ್ತಲಲ್ಲಿ, ಮಲಗಿಸಿ. ಬೆಂಗಳೂರಿನ ತಂಪನ್ನು ನಂಬಿ ಬೀರುವಿನಲ್ಲಿ ಇಟ್ಟರೆ ಆ ಐದು ವರ್ಷದ ಕೆಲಸ ಎರಡೇ ವರ್ಷದಲ್ಲಿ, ಅದೂ ಒರಟಾಗಿ, ಮುಗಿದೀತು.

ಜತೆಗೆ ತಿನ್ನಲು ಹಳೆಯ ಪೆಕೊರಿನೊ ಚೀಸ್, ಅಣಬೆ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಬಿಳಿ ಅವರೆಯಂಥ ಕಾಳು, ಮಾಂಸಾಹಾರಿಗಳಿಗೆ ಕೆಂಡದ ಮೇಲೆ ಸುಟ್ಟ ಮಾಂಸ. ತೋಸ್ಕಾನಾದವರು ತಿನ್ನುವುದೂ ಇದನ್ನೇ. ಹಸಿಮೆಣಸು ಮತ್ತು ಹುಣಸೆಹುಳಿಯ ಅಡುಗೆ ಆ ದಿನ ಬೇಡ. ಖಾರ ಬಾಯಲ್ಲಿದ್ದರೆ ಒಗರೂ ಮದ್ಯಸಾರವೂ ಇಮ್ಮಡಿಯಾಗಿ ತೋರುತ್ತವೆ. ಉಳಿದರೆ ಚಿಕ್ಕ ಬಾಟಲಿಗೆ ಬಾಯಿಯವರೆಗೆ ತುಂಬಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮರುದಿನ ಸಂಜೆಯೊಳಗೆ ಮುಗಿಸಿ.